ಗುಡ್ಡ ಜರಿದ ದಾರಿಯಲ್ಲಿ: ಮಡಿಕೇರಿಯಿಂದ ಕಳಚೆವರೆಗೆ

ಗುರುವಾರ: ಬೆಂಗಳೂರಿನಿಂದ ಮಡಿಕೇರಿ

ಕುಸಿದ ಗುಡ್ಡ ನೋಡಬೇಕು ಅಂದ್ರೆ ಅಕ್ಟೋಬರ್ ಕೊನೆಯೇ ಒಳ್ಳೆಯ ಸಮಯ. ಜುಲೈಯಲ್ಲಿ ಹೋದರೆ ರಸ್ತೆ ತೆರವು ಮಾಡುವವರಿಗೆ ನಾವೇ ಅಡ್ಡಿ. ಜನವರಿಯಲ್ಲಿ ಹೋದರೆ ಒರತೆಗಳೆಲ್ಲ ಬತ್ತಿರುತ್ತವೆ, ನೀರು ಎಲ್ಲಿಂದ ಬಂತು ಅನ್ನೋದೇ ತಿಳಿಯೋದಿಲ್ಲ.

ನನ್ನ ಕೆಲಸ ಮಣ್ಣಿನ ಪರೀಕ್ಷೆ. ಊರೂರಿನಿಂದ ಬರುವ ಮಣ್ಣನ್ನು ಅಂಗೈಯಗಲದ ಚೌಕ ಪೆಟ್ಟಿಗೆಯಲ್ಲಿಟ್ಟು, ಮೇಲೆ ಭಾರ ಹೇರಿ, ಪೆಟ್ಟಿಗೆಯ ಅರ್ಧ ಭಾಗವನ್ನು ಅಡ್ಡಕ್ಕೆ ತಳ್ಳಿ, ಎಷ್ಟು ಬಲಕ್ಕೆ ಜಾರುತ್ತದೆ ಅಂತ ಬರೆದುಕೊಳ್ಳೋದು. ಆ ಮಣ್ಣು ಬಂದ ಗುಡ್ಡವನ್ನು ನೋಡುವ ಅವಕಾಶ ಸಿಗೋದು ಕಡಿಮೆ. ಈ ಸಲ ರಜೆ ಸಿಕ್ಕಿತು, ಭಾವನ ಕಾರು ಸಿಕ್ಕಿತು, ಕರಾವಳಿಯ ಮೀನು ಊಟದ ಆಸೆ ತೋರಿಸಿದ್ದಕ್ಕೆ ಭಾವನೂ ಸಿಕ್ಕಿದ.

ಮೈಸೂರು, ಹುಣಸೂರು, ಕುಶಾಲನಗರ. ಅಲ್ಲಿವರೆಗೆ ಹೇಳುವಂಥದ್ದೇನಿಲ್ಲ. ಸುಂಟಿಕೊಪ್ಪ ದಾಟಿದ ಮೇಲೆ ರಸ್ತೆಯ ಪಕ್ಕ ಕೆಂಪು ಬರೆಗಳು, ಅಂದ್ರೆ ಗುಡ್ಡ ಕಡಿದಾಗ ನೆಟ್ಟಗೆ ಉಳಿಯುವ ಮಣ್ಣಿನ ಗೋಡೆಗಳು, ಶುರುವಾದವು. ಕೆಲವು ಹಳೆಯವು, ಮೈಮೇಲೆ ಜರಿಗಿಡ, ಪಾಚಿ. ಕೆಲವು ಹೊಸದಾಗಿ ಜೆಸಿಬಿ ಕೆರೆದದ್ದು, ಹಲ್ಲಿನ ಗುರುತು ಇನ್ನೂ ಹಾಗೇ ಇದೆ. ಭಾವ ವ್ಯೂ ಪಾಯಿಂಟ್ ಹುಡುಕುತ್ತಿದ್ದ, ನಾನು ಬರೆಯ ಮೇಲೆ ಚರಂಡಿ ಇದೆಯಾ ಅಂತ ಕತ್ತು ಹೊರಗೆ ಹಾಕಿ ನೋಡುತ್ತಿದ್ದೆ. ಎಷ್ಟೋ ಕಡೆ ಕಾಣಲಿಲ್ಲ.

ಮಡಿಕೇರಿಯಲ್ಲಿ ಮಂಜು, ಸಣ್ಣ ಹನಿ. ನಾವು ಉಳಿದುಕೊಂಡ ಮನೆ ಇಳಿಜಾರಿನಲ್ಲಿ ಗುಡ್ಡ ಕಡಿದು ಸಮತಟ್ಟು ಮಾಡಿ ಕಟ್ಟಿದ್ದು. ಹಿಂದುಗಡೆ ಎರಡಾಳೆತ್ತರಕ್ಕೂ ಜಾಸ್ತಿ ನೆಟ್ಟಗೆ ನಿಂತ ಬರೆ, ಅದಕ್ಕೆ ಒರಗಿದ ಹಾಗೆ ಕಲ್ಲಿನ ಗೋಡೆ. ಗೋಡೆಯಲ್ಲಿ ನೀರು ಹೊರಬರಲು ಪಿವಿಸಿ ಪೈಪಿನ ತುಂಡುಗಳನ್ನು ಇಟ್ಟಿದ್ದರು. ಬೆರಳು ಹಾಕಿ ನೋಡಿದರೆ ಅರ್ಧಕ್ಕರ್ಧ ಮಣ್ಣು ಕಟ್ಟಿಕೊಂಡಿದೆ. ಗೋಡೆ ಮಣ್ಣನ್ನು ತಡೆಯುತ್ತದೆ, ಸರಿ. ಆದರೆ ಹಿಂದೆ ನೀರು ನಿಂತರೆ ಲೆಕ್ಕವೇ ಬೇರೆ. ಮೂರು ಮೀಟರ್ ನೀರು ನಿಂತರೆ, ಗೋಡೆಯ ಒಂದೊಂದು ಮೀಟರ್ ಉದ್ದಕ್ಕೂ ಸುಮಾರು ನಾಲ್ಕೂವರೆ ಟನ್ ತಳ್ಳುತ್ತದೆ. ಅದು ನೀರಿನದ್ದು ಮಾತ್ರ, ಮಣ್ಣಿನದ್ದು ಬೇರೆ.

ಮನೆಯವರು ಒಳ್ಳೆಯವರು. "ಹಿಂದಿನ ರೂಮು ತಗೊಳ್ಳಿ, ಶಾಂತ ಇರ್ತದೆ" ಅಂದರು. ನಾನು ಮುಂದಿನದ್ದೇ ಇರಲಿ ಅಂದೆ. ಭಾವ ಮುಖ ನೋಡಿದ. ಅಕ್ಟೋಬರ್‌ನಲ್ಲಿ ಹೆದರಿಕೆ ಇಲ್ಲ ಬಿಡಿ, ಆದರೆ ಮಳೆಗಾಲದಲ್ಲಿ ಬೆಟ್ಟದ ಮೇಲೆ ರೂಮು ಮಾಡುವವರು ಕಿಟಕಿಯಿಂದ ಕಾಣುವ ನೋಟದ ಜೊತೆಗೆ ಮನೆಯ ಹಿಂಬದಿಯನ್ನೂ ಒಮ್ಮೆ ನೋಡಿಕೊಂಡರೆ ಒಳ್ಳೆಯದು.

ಇಷ್ಟೆತ್ತರದ ಬರೆ ನೆಟ್ಟಗೆ ಹೇಗೆ ನಿಲ್ಲುತ್ತೆ ಅಂತ ಭಾವ ಊಟದ ಹೊತ್ತಿಗೆ ಕೇಳಿದ. ಮಣ್ಣಿಗೆ ಎರಡು ಬಲ. ಒಂದು ಕಣಕಣದ ನಡುವಿನ ತಿಕ್ಕಾಟ, ಇನ್ನೊಂದು ಅಂಟು. ಫ್ರಾನ್ಸಿನ ಸೇನಾ ಎಂಜಿನಿಯರ್ ಕುಲಾಂ 1773ರಲ್ಲೇ ಇದನ್ನು ಲೆಕ್ಕಕ್ಕೆ ತಂದಿದ್ದ, ನಾವು ಇವತ್ತಿಗೂ ಅವನ ಹೆಸರಿನಲ್ಲೇ ಗುಣಿಸುತ್ತೇವೆ. ಮಣ್ಣಿನ ಅಂಟು 20 ಕಿಲೋಪಾಸ್ಕಲ್, ಅಂದ್ರೆ ಚದರ ಮೀಟರಿಗೆ ಸುಮಾರು ಎರಡು ಟನ್ ಬಲ, ಅಂತಿಟ್ಟುಕೊಳ್ಳಿ. ತಿಕ್ಕಾಟವನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದರೂ ಸುಮಾರು 4.4 ಮೀಟರ್ ನೆಟ್ಟಗೆ ನಿಲ್ಲುತ್ತದೆ. ಅದೇ ಅಂಟು ನೆನೆದು 5ಕ್ಕೆ ಇಳಿದರೆ 1.1 ಮೀಟರ್. ಬೇಸಿಗೆಯಲ್ಲಿ ಗಟ್ಟಿ ಕಂಡ ಬರೆಯನ್ನು ನಂಬಿ ಮನೆ ಕಟ್ಟುವವರಿಗೆ ಈ ಎರಡನೇ ಅಂಕಿಯನ್ನು ಯಾರೂ ಹೇಳೋದಿಲ್ಲ. ಕಡಂಬುಟ್ಟು ಬಿಸಿಯಾಗಿತ್ತು, ಭಾವ ಅಂಕಿ ಕೇಳೋದನ್ನು ಅಲ್ಲಿಗೆ ನಿಲ್ಲಿಸಿದ.

ಶುಕ್ರವಾರ: ಮದೆನಾಡು, ಜೋಡುಪಾಲ, ಸುಳ್ಯ

ಬೆಳಿಗ್ಗೆ ಬೇಗ ಹೊರಟೆವು. ಮಡಿಕೇರಿ–ಸಂಪಾಜೆ ರಸ್ತೆಯಲ್ಲಿ ಎಂಟು ಗಂಟೆಯ ಮೊದಲು ಲಾರಿ, ಬಸ್ಸು ಕಡಿಮೆ. ನಿಲ್ಲಿಸಿ ನೋಡಲು ಜಾಗ ಸಿಗುತ್ತದೆ.

2018ರ ಆಗಸ್ಟ್ ನಡುವಿನ ಆ ಮಳೆಯಲ್ಲಿ ಮಕ್ಕಂದೂರು, ಹೆಬ್ಬೆಟ್ಟಗೇರಿ, ಮೊಣ್ಣಂಗೇರಿ, ಮದೆನಾಡು, ಜೋಡುಪಾಲ, ಹೀಗೆ ಒಂದರ ಹಿಂದೆ ಒಂದು ಊರಿನ ಗುಡ್ಡ ಇಳಿದಿತ್ತು. ಎರಡಂತಸ್ತಿನ ಮನೆಯೊಂದು ನಿಂತ ಹಾಗೇ ಕಣಿವೆಗೆ ಜಾರುವ ವಿಡಿಯೊ ನೋಡದವರು ಕಡಿಮೆ. ಆಮೇಲೆ ಬಂದ ಭೂವಿಜ್ಞಾನಿಗಳು ಮಳೆಯ ಜೊತೆಗೆ ಮನುಷ್ಯರು ಕಡಿದ ಇಳಿಜಾರುಗಳ ಕಡೆಗೂ ಬೆರಳು ತೋರಿಸಿದರು.

ಮದೆನಾಡಿನ ಕರ್ತೋಜಿ ಹತ್ತಿರ ಇಳಿದೆವು. ರಸ್ತೆಯ ಮೇಲ್ಬದಿಯ ಗುಡ್ಡದ ಮೈ ಇನ್ನೂ ಪೂರ್ತಿ ಹಸಿರಾಗಿಲ್ಲ. ಕಲ್ಲು ತುಂಬಿದ ತಂತಿಬಲೆಯ ಗೋಡೆ ಒಂದು ಕಡೆ. ಇದು ನನಗೆ ಇಷ್ಟ. ಸಿಮೆಂಟಿನ ಗೋಡೆಯಷ್ಟು ಚೆಂದ ಕಾಣೋದಿಲ್ಲ, ಆದರೆ ನೀರು ಕಲ್ಲಿನ ಸಂದಿಯಲ್ಲಿ ತಾನಾಗಿ ಹೋಗುತ್ತದೆ, ನೆಲ ಸ್ವಲ್ಪ ಕುಗ್ಗಿದರೂ ಬಿರುಕು ಬಿಡದೆ ಬಾಗಿ ಕೂರುತ್ತದೆ. ಪಕ್ಕದ ಮರಗಳನ್ನು ನೋಡಿದೆ. ಬುಡ ಓರೆ, ತುದಿ ನೆಟ್ಟಗೆ. ಮಣ್ಣು ವರ್ಷಕ್ಕಿಷ್ಟು ಅಂತ ಮೆಲ್ಲಗೆ ಜಾರುವಾಗ ಮರ ಓರೆಯಾಗಿ, ಮತ್ತೆ ಬೆಳಕಿನ ಕಡೆ ನೆಟ್ಟಗಾಗಿ ಹೀಗೆ ಬೆಳೆಯುತ್ತದೆ. ಅಷ್ಟು ಹೊತ್ತಿಗೆ ಒಂದು ಇಂಬಳ ಭಾವನ ಸಾಕ್ಸಿನೊಳಗೆ ಹೋಗಿ ಊಟ ಮುಗಿಸಿತ್ತು. ಉಪ್ಪು ತಂದಿರಲಿಲ್ಲ. ಚಹಾದಂಗಡಿಯ ಅಕ್ಕ ಸುಣ್ಣ ಕೊಟ್ಟರು.

ಆ ಅಂಗಡಿಯಲ್ಲೇ ಒಬ್ಬ ಹಿರಿಯ ತೋಟಗಾರರು ಸಿಕ್ಕಿದರು. ಕಾಫಿ, ಕಾಳುಮೆಣಸು. ನಾನು ಗುಡ್ಡ ನೋಡುತ್ತಿದ್ದದ್ದು ಕಂಡು, "ನೀವು ಇಲಾಖೆಯವ್ರಾ?" ಅಂದರು. ಅಲ್ಲ ಅಂದಮೇಲೆ ಮಾತು ಸಲೀಸಾಯಿತು.

"ನಮ್ಮ ತೋಟದಲ್ಲಿ ತೊಟ್ಟಿಲು ಗುಂಡಿ ತೆಗೀತಿದ್ವಿ. ನೀರು ಇಂಗ್ಲಿ ಅಂತ. ಆ ವರ್ಷದ ಮೇಲೆ ಕಡಿದಾದ ಕಡೆ ಎಲ್ಲ ಮುಚ್ಚಿದೆ. ಮಾಡಿದ್ದು ಸರಿಯಾ ತಪ್ಪಾ ಹೇಳಿ."

ಸರಿ ಅಂದೆ. ಗುಂಡಿ ತೆಗೆಯೋದೇ ತಪ್ಪಂತಲ್ಲ. ಇಳಿಜಾರು ಕಡಿಮೆ ಇರುವ ತೋಟಕ್ಕೆ ಅದು ವರ. ಆದರೆ ಗುಡ್ಡದ ನೆತ್ತಿಯಲ್ಲಿ, ಕಡಿದ ಬರೆಯ ಮೇಲಂಚಿನಲ್ಲಿ ಗುಂಡಿ ತೆಗೆದು ನೀರು ನಿಲ್ಲಿಸಿದರೆ ಆ ನೀರು ಕೆಳಗಿಳಿದು ಮಣ್ಣು ಮತ್ತು ಬಂಡೆಯ ನಡುವೆ ಸೇರಿಕೊಳ್ಳುತ್ತದೆ. ಅಂತರ್ಜಲ ಹೆಚ್ಚಿಸೋಣ ಅಂತ ಎಲ್ಲ ಕಡೆಯೂ ಒಂದೇ ಅಳತೆಯ ಇಂಗುಗುಂಡಿ ತೋಡಿಸುವ ಉತ್ಸಾಹ ನಮ್ಮಲ್ಲಿದೆ. ಘಟ್ಟದ ಇಳಿಜಾರಿಗೆ ಅದು ಹೊಂದೋದಿಲ್ಲ.

ನೀರು ಏನು ಮಾಡುತ್ತದೆ ಅನ್ನೋದನ್ನು ಅವರಿಗೆ ಹೇಳಲು ಹೋಗಿ ಅಂಗಡಿಯ ಬೆಂಚಿನ ಮೇಲೆ ಬೆರಳಲ್ಲಿ ಚಿತ್ರ ಬರೆದೆ. ನೀರು ಮಣ್ಣನ್ನು ಜಾರಿಸುವ ಎಣ್ಣೆ ಅಂತ ಜನ ತಿಳಿದಿದ್ದಾರೆ, ಅದು ಅಷ್ಟು ಸರಿಯಲ್ಲ. ಕಣಗಳು ಒಂದನ್ನೊಂದು ಒತ್ತಿಕೊಂಡಿದ್ದರೆ ತಾನೇ ತಿಕ್ಕಾಟ? ಸಂದಿಯಲ್ಲಿ ತುಂಬಿದ ನೀರು ಕಣಗಳನ್ನು ದೂರ ತಳ್ಳುತ್ತದೆ. ಒತ್ತಡ ಕಡಿಮೆಯಾಯಿತು, ತಿಕ್ಕಾಟವೂ ಕಡಿಮೆಯಾಯಿತು. ಮಣ್ಣಿನ ತೂಕ ಮಾತ್ರ ಹೆಚ್ಚಿತು. 1920ರ ದಶಕದಲ್ಲಿ ಎಂಜಿನಿಯರ್ ಟೆರ್ಝಾಗಿ ಇಷ್ಟನ್ನು ಸ್ಪಷ್ಟವಾಗಿ ಹೇಳಿದ ಮೇಲೇ ನಮ್ಮ ವಿದ್ಯೆ ವಿದ್ಯೆ ಅನ್ನಿಸಿಕೊಂಡದ್ದು. ಅಂಟಿಲ್ಲದ ಮಣ್ಣಿನ ತಿಕ್ಕಾಟದ ಕೋನ 30 ಡಿಗ್ರಿ ಇದ್ದರೆ ಒಣಗಿದ್ದಾಗ 30 ಡಿಗ್ರಿ ಇಳಿಜಾರಿನಲ್ಲಿ ನಿಲ್ಲುತ್ತದೆ. ಮೇಲ್ಮೈ ತನಕ ನೀರು ತುಂಬಿ ಇಳಿಜಾರಿನ ಗುಂಟ ಹರಿಯಲು ಶುರುವಾದರೆ 16 ಡಿಗ್ರಿಯಲ್ಲೇ ಜಾರಬಹುದು.

"ಅಂದ್ರೆ ಅರ್ಧ" ಅಂದರು ತೋಟಗಾರರು. ಹೌದು, ಹೆಚ್ಚುಕಮ್ಮಿ ಅರ್ಧ.

ಜೋಡುಪಾಲದಲ್ಲಿ ತೋಡಿನ (ಸಣ್ಣ ಹಳ್ಳದ) ಗುಂಟ ದೊಡ್ಡ ದೊಡ್ಡ ಬಂಡೆಗಳು ಇನ್ನೂ ಬಿದ್ದಿವೆ. ಇಲ್ಲಿ ಆದದ್ದು ಬರೀ ಬರೆ ಕುಸಿತ ಅಲ್ಲ. ಮೇಲೆಲ್ಲೋ ಜರಿದ ಮಣ್ಣು ತೋಡಿಗೆ ಬಿದ್ದು, ನೀರು, ಮರ, ಕಲ್ಲು ಎಲ್ಲ ಸೇರಿ ಕೆಸರಿನ ಹೊಳೆಯಾಗಿ ಬಂದದ್ದು. ಹಾಗಾಗಿ ಗುಡ್ಡದಿಂದ ದೂರ ಇದ್ದೇವೆ ಅಂದುಕೊಂಡ ತೋಡಿನ ಬದಿಯ ಮನೆಗಳಿಗೇ ಹೆಚ್ಚು ಪೆಟ್ಟು. ಜೋರು ಮಳೆಯಲ್ಲಿ ತೋಡಿನ ನೀರು ಇದ್ದಕ್ಕಿದ್ದಂತೆ ಕಡಿಮೆಯಾದರೆ ಖುಷಿ ಪಡಬಾರದು, ಮೇಲೆ ಎಲ್ಲೋ ಮಣ್ಣು ಅಡ್ಡ ಕೂತಿದೆ ಅಂತ ಅರ್ಥ. ಆಗ ತೋಡಿನ ಪಾತ್ರ ಬಿಟ್ಟು ಮೇಲಕ್ಕೆ ಓಡಬೇಕು.

ಸಂಪಾಜೆ ದಾಟುವ ಮೊದಲು ಟಯರು ಪಂಕ್ಚರ್. ಸ್ಟೆಪ್ನಿಗೆ ಗಾಳಿ ಇಲ್ಲ. ಎರಡು ಗಂಟೆ ಅಲ್ಲೇ ಹೋಯಿತು. ಸುಳ್ಯದಲ್ಲಿ ಗೋಳಿಬಜೆ ಮತ್ತು ಚಹಾ ಆ ಎರಡು ಗಂಟೆಯನ್ನು ಮರೆಸಿದವು.

ಮಾಣಿಯಿಂದ ಮಂಗಳೂರು ಕಡೆಗೆ ಬರುವಾಗ ಮಣ್ಣು ಬದಲಾಯಿತು. ಒಂದು ಕಡೆ ಸೈಟಿಗಾಗಿ ಗುಡ್ಡ ಕಡಿದಿದ್ದರು. ಮೇಲೆ ಮುರಕಲ್ಲಿನ (ಜಂಬಿಟ್ಟಿಗೆಯ) ಗಟ್ಟಿ ಟೊಪ್ಪಿ. ಅದರ ಕೆಳಗೆ ಬಿಳಿ, ಹಳದಿ, ನಸುಗೆಂಪು, ಅಲ್ಲಲ್ಲಿ ನೇರಳೆ ಛಾಯೆಯ ಶೇಡಿ ಮಣ್ಣು. ನೋಡಲು ಬಹಳ ಚೆಂದ. ಕರಾವಳಿಯ ಅರ್ಧ ಗೋಳು ಈ ಶೇಡಿಯದ್ದು. ಸುರತ್ಕಲ್‌ನ ಎಂಜಿನಿಯರಿಂಗ್ ಸಂಸ್ಥೆ ಎನ್‌ಐಟಿಕೆಯವರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಒಣಗಿದ್ದಾಗ ಪಿಕಾಸಿಯಲ್ಲಿ ಕಡಿಯಬೇಕು, ನೆನೆದಾಗ ಕೈಯಲ್ಲೇ ಬರುತ್ತದೆ. ಮುರಕಲ್ಲು ಇರುವ ತನಕ ಅದು ಕೊಡೆ ಹಿಡಿದಿರುತ್ತದೆ. ಅದನ್ನು ಕಡಿದು ಶೇಡಿಯನ್ನು ಮಳೆಗೆ ಬಿಟ್ಟರೆ ಕೆಲಸ ಕೆಟ್ಟಿತು. ಮೇಸ್ತ್ರಿಯನ್ನು ಕೇಳಿ ಮುಷ್ಟಿಗಾತ್ರದ ಒಂದು ಹೆಂಟೆ ತೆಗೆದುಕೊಂಡೆ. "ಎಂತಕ್ಕೆ ಮಾರಾಯ್ರೇ, ಮುಖಕ್ಕೆ ಹಚ್ಲಿಕ್ಕಾ?" ಅಂತ ನಕ್ಕರು.

ರಾತ್ರಿ ಉಡುಪಿಯ ಲಾಡ್ಜಿನಲ್ಲಿ ಆ ಹೆಂಟೆಯ ಒಂದು ತುಂಡನ್ನು ಗಾಜಿನ ಲೋಟದ ನೀರಿಗೆ ಬಿಟ್ಟೆ. ಮೊದಲು ಗುಳ್ಳೆಗಳು ಸಾಲಾಗಿ ಎದ್ದವು, ಸಂದಿಯ ಗಾಳಿ ಹೊರಬರೋದು. ಆಮೇಲೆ ಒಂದು ಮೂಲೆಯಿಂದ ಪುಡಿ ಉದುರಿತು. ಒಂದು ಪದರ ಕಳಚಿ ತಳಕ್ಕೆ ಕೂತಿತು. ಭಾವ ಸ್ನಾನ ಮುಗಿಸಿ ಬರುವಷ್ಟರಲ್ಲಿ ಚಹಾದಲ್ಲಿ ಮರೆತ ಬಿಸ್ಕತ್ತಿನ ಹಾಗೆ ಅಷ್ಟೂ ಕುಸಿದು ಲೋಟದ ತಳದಲ್ಲಿ ಗುಪ್ಪೆಯಾಗಿತ್ತು. ನೀರು ಹಾಲಿನ ಬಣ್ಣ. ಮನೆ ಕಟ್ಟುವವರು ಯಾರು ಬೇಕಾದರೂ ಇದನ್ನು ಮಾಡಿ ನೋಡಬಹುದು, ಲ್ಯಾಬು ಬೇಡ. ಲೋಟವನ್ನು ಮಾತ್ರ ಸಿಂಕಿಗೆ ಸುರಿಯಬೇಡಿ. ಪೈಪು ಕಟ್ಟಿಕೊಂಡು ಬೆಳಿಗ್ಗೆ ರೂಮ್ ಬಾಯ್ ಹತ್ತಿರ ಬೈಸಿಕೊಂಡದ್ದು ನಾನಲ್ಲ, ಭಾವ.

ಶನಿವಾರ: ಶಿರೂರು, ಕಡವಾಡ

ಮ್ಯಾಪಿನಲ್ಲಿ ಶಿರೂರು ಅಂತ ಹೊಡೆದರೆ ಬೈಂದೂರಿನ ಶಿರೂರು ಬರುತ್ತದೆ. ಅದೂ ರಾಷ್ಟ್ರೀಯ ಹೆದ್ದಾರಿ 66ರ ಮೇಲೇ ಇದೆ. ನಾವು ಹೊರಟದ್ದು ಅಂಕೋಲಾ ತಾಲ್ಲೂಕಿನ ಶಿರೂರಿಗೆ, ಇನ್ನೂ ಬಹಳ ಉತ್ತರಕ್ಕೆ.

ಭಟ್ಕಳ, ಹೊನ್ನಾವರ, ಕುಮಟಾ. ಚತುಷ್ಪಥ ಬಂದಮೇಲೆ ಈ ದಾರಿ ಓಡಿಸಲು ಸುಖ. ಆದರೆ ಆ ಅಗಲಕ್ಕೆ ಜಾಗ ಎಲ್ಲಿಂದ ಬಂತು ಅಂತ ಎಡಬಲ ನೋಡಿದರೆ ಗೊತ್ತಾಗುತ್ತದೆ. ಒಂದಾದ ಮೇಲೊಂದು ಕಡಿದ ಗುಡ್ಡ. ಕೆಲವಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಬೆಂಚುಗಳಿವೆ, ಕೆಲವಕ್ಕೆ ಇಲ್ಲ. ಸಮಾನಾಂತರವಾಗಿ ಹೋಗುವ ಕೊಂಕಣ ರೈಲಿನವರು ಈ ಪಾಠವನ್ನು ಮೊದಲೇ ಕಲಿತಿದ್ದರು. ಆಳದ ಕಡಿತಗಳಿಗೆ ಬಲೆ, ಸರಳು ಇಳಿಸಿ ಸಿಮೆಂಟು ಹಾಲು ತುಂಬುವ ಸಾಯಿಲ್ ನೈಲಿಂಗ್, ಲಾವಂಚದ ನೆಡುತೋಪು, ಮಳೆಗಾಲಕ್ಕೆ ಬೇರೆಯೇ ವೇಳಾಪಟ್ಟಿ, ರಾತ್ರಿ ಹಗಲು ಹಳಿ ನೋಡುವ ಗಸ್ತಿನವರು. ರೈಲು ತಡ ಅಂತ ಬೈಯುವಾಗ ಇದೂ ನೆನಪಿರಲಿ.

ಶಿರೂರಿನಲ್ಲಿ ಕಾರು ದೂರ ನಿಲ್ಲಿಸಿ ನಡೆದೆವು. ಒಂದು ಕಡೆ ಗುಡ್ಡ, ನಡುವೆ ರಸ್ತೆ, ಇನ್ನೊಂದು ಕಡೆ ಗಂಗಾವಳಿ. 2024ರ ಜುಲೈ 16ರ ಬೆಳಿಗ್ಗೆ ಆ ಗುಡ್ಡ ಇಳಿದು, ರಸ್ತೆ ಬದಿಯ ಚಹಾದಂಗಡಿಯನ್ನೂ ಅಲ್ಲಿದ್ದ ಜನರನ್ನೂ ಹೊತ್ತುಕೊಂಡು ಹೊಳೆಗೆ ಹೋಯಿತು. ಗ್ಯಾಸ್ ಟ್ಯಾಂಕರ್ ನೀರಿಗೆ ಉರುಳಿತು. ಹೊಳೆಗೆ ಬಿದ್ದ ಮಣ್ಣು ಎಬ್ಬಿಸಿದ ಅಲೆ ಆಚೆ ದಡದ ಉಳುವರೆಯ ಮನೆಗಳನ್ನು ಕೆಡವಿತು. ಕೇರಳದ ಚಾಲಕನಿದ್ದ ಲಾರಿಯನ್ನು ಗೋವಾದಿಂದ ಡ್ರೆಜರ್ ತರಿಸಿ ಮೇಲೆತ್ತಿದ್ದು ಸೆಪ್ಟೆಂಬರ್ 25ಕ್ಕೆ.

ನಿಂತು ನೋಡಿದೆ. ಹೆದ್ದಾರಿ ಅಗಲ ಮಾಡುವಾಗ ಗುಡ್ಡದ ಕಾಲು ಕಡಿದದ್ದೇ ಕಾರಣ ಅಂತ ಊರವರು ಆಗಲೇ ಹೇಳಿದ್ದರು. ಕಾಲು ಕಡಿಯೋದು ಯಾಕೆ ಅಪಾಯ ಅನ್ನೋದಕ್ಕೆ ಹಳೆಯ ಉದಾಹರಣೆ ಸ್ವೀಡನ್ನಿನದ್ದು. 1916ರಲ್ಲಿ ಗೋಥೆನ್‌ಬರ್ಗ್ ಬಂದರಿನ ದಕ್ಕೆ ಜಾರಿದಾಗ ಅಲ್ಲಿನ ಎಂಜಿನಿಯರುಗಳು ಮಣ್ಣು ಕಮಾನಿನಾಕಾರದಲ್ಲಿ ತಿರುಗಿ ಜಾರುತ್ತದೆ ಅಂತ ಕಂಡುಕೊಂಡು ವೃತ್ತ ಎಳೆದು ಲೆಕ್ಕ ಹಾಕಿದರು. ಆ ವೃತ್ತದ ಮೇಲ್ಭಾಗದ ಮಣ್ಣು ಕೆಳಗೆ ನೂಕುತ್ತದೆ, ಬುಡದ ಮಣ್ಣು ತಡೆದು ಹಿಡಿಯುತ್ತದೆ. ರಸ್ತೆಗೆ ಜಾಗ ಬೇಕು ಅಂತ ನಾವು ತೆಗೆಯೋದು ಯಾವಾಗಲೂ ಬುಡದ ಮಣ್ಣನ್ನೇ. ತಡೆಯುವ ಬಲವನ್ನು ನೂಕುವ ಬಲದಿಂದ ಭಾಗಿಸಿದರೆ ಸೇಫ್ಟಿ ಫ್ಯಾಕ್ಟರ್. ಶಾಶ್ವತ ಇಳಿಜಾರಿಗೆ 1.5 ಇರಲಿ ಅಂತ ನೋಡುತ್ತೇವೆ. 1 ಆದರೆ ಮುಗಿಯಿತು. ಕಡಿದ ದಿನವೇ ಬೀಳೋದಿಲ್ಲ, ಅದೇ ಮೋಸ. ಎರಡು ಮಳೆಗಾಲ, ಐದು ಮಳೆಗಾಲ ನಿಲ್ಲುತ್ತದೆ. ಎಲ್ಲರೂ ಗಟ್ಟಿಯಾಗಿದೆ ಅಂದುಕೊಳ್ಳುತ್ತಾರೆ.

ಹೊಳೆಯಂಚಿನಲ್ಲಿ ಬಲೆ ಒಣಹಾಕುತ್ತಿದ್ದ ಒಬ್ಬರು, "ಎಲ್ಲಿಂದ ಬಂದ್ರಿ ತಮಾ?" ಅಂದರು. ಹೇಳಿದೆ. ಅವರು ಗುಡ್ಡ ತೋರಿಸಲಿಲ್ಲ, ಹೊಳೆ ತೋರಿಸಿದರು. ಮಣ್ಣು ಬಿದ್ದ ಮೇಲೆ ಹೊಳೆಯ ಸೆಳವು ಬದಲಾಗಿದೆಯಂತೆ, ಬಲೆ ಬಿಡುವ ಜಾಗವನ್ನೂ ಬದಲಿಸಬೇಕಾಯಿತಂತೆ. ಈ ಲೆಕ್ಕ ನಮ್ಮ ಯಾವ ವರದಿಯಲ್ಲೂ ಬರೋದಿಲ್ಲ.

ಅಂಕೋಲೆಯಲ್ಲಿ ಊಟ. ಬಂಗಡೆ ಸಾರು, ಹುರಿದ ನೊಗಲಿ, ಸೋಲ್ ಕಡಿ. ಭಾವ ಎರಡು ದಿನದಿಂದ ಕಾಯುತ್ತಿದ್ದದ್ದು ಇದಕ್ಕೆ. ಅವನು ಮಾತಾಡಲಿಲ್ಲ, ನಾನೂ ಮಾತಾಡಿಸಲಿಲ್ಲ.

ಸಂಜೆ ಕಾರವಾರದ ಕಡವಾಡಕ್ಕೆ ಹೋದೆವು. 2009ರ ಅಕ್ಟೋಬರ್ 2ರಂದು ಇಲ್ಲಿನ ಝರಿವಾಡದಲ್ಲಿ ಗುಡ್ಡ ಜರಿದು 19 ಜನ ಹೋದರು. ಗಮನಿಸಿ, ಅಕ್ಟೋಬರ್. ಮಳೆಗಾಲ ಮುಗಿಯಿತು ಅಂತ ಎಲ್ಲರೂ ಕೊಡೆ ಒಳಗಿಡುವ ಹೊತ್ತು. ಜೂನಿನ ಮೊದಲ ಮಳೆಗೆ ಗುಡ್ಡ ಬೀಳೋದು ಕಡಿಮೆ, ಆಗ ಮಣ್ಣು ಬಾಯಾರಿರುತ್ತದೆ. ತಿಂಗಳುಗಟ್ಟಲೆ ಕುಡಿದು ತುಂಬಿದ ಮೇಲೆ ಬರುವ ದೊಡ್ಡ ಮಳೆಯೇ ಹೆಚ್ಚು ಅಪಾಯ. ಸೆಪ್ಟೆಂಬರ್ ಬಂತು ಅಂತ ಘಟ್ಟದಲ್ಲಿ ರಾತ್ರಿ ಗಾಡಿ ಓಡಿಸುವವರು ಇದನ್ನು ಲೆಕ್ಕದಲ್ಲಿಟ್ಟುಕೊಳ್ಳಬೇಕು.

ಭಾನುವಾರ: ಅರಬೈಲು, ಕಳಚೆ

ಕಾರವಾರದಿಂದ ಮತ್ತೆ ಅಂಕೋಲೆಗೆ ಬಂದು ಅರಬೈಲು ಘಟ್ಟ ಹತ್ತಿದೆವು. ಲಾರಿಗಳ ಸಾಲು. ಇಡಗುಂದಿಯಲ್ಲಿ ಬಿಟ್ಟು ವಜ್ರಳ್ಳಿ ಮೇಲೆ ಕಳಚೆಗೆ. ರಸ್ತೆ ಸಣ್ಣದು. ಎದುರಿಗೆ ಬಸ್ಸು ಬಂದರೆ ಯಾರಾದರೂ ಹಿಂದೆ ಹೋಗಲೇಬೇಕು. ಪೆಟ್ರೋಲನ್ನು ಅಂಕೋಲೆಯಲ್ಲೇ ತುಂಬಿಸಿಕೊಂಡಿದ್ದರೆ ನೆಮ್ಮದಿ.

2021ರ ಜುಲೈನಲ್ಲಿ ಕಳಚೆಯಲ್ಲಿ ಒಂದೇ ಕಡೆ ಅಲ್ಲ, ಹತ್ತಾರು ಕಡೆ ನೆಲ ಜರಿಯಿತು. ಅಡಿಕೆ ತೋಟಗಳು ಹೋದವು, ರಸ್ತೆ ಹೋಯಿತು. ಬೇರೆ ಕಡೆ ಜಾಗ ಕೊಡಿ ಅಂತ ಊರಿನವರೇ ಕೇಳಿದರು. ಈಗ ನೋಡಿದರೆ ಇಳಿಜಾರಿನ ನಡುವೆ ಮೆಟ್ಟಿಲಿಟ್ಟ ಹಾಗೆ ನೆಲ ತಗ್ಗಿದ ಜಾಗಗಳು. ಒಂದು ಕಡೆ ಅಡಿಕೆ ಮರಗಳು ಗುಂಪಾಗಿ ವಾಲಿ ನಿಂತಿವೆ, ಹಿಂಗಾರ ಬಿಟ್ಟಿವೆ ಕೂಡ.

ದಾರಿ ಕೇಳಲು ನಿಂತ ಮನೆಯಲ್ಲಿ ಹಿರಿಯರೊಬ್ಬರು ಜಗಲಿಯಿಂದಲೇ ಕರೆದರು. "ಬನ್ನಿ ಬನ್ನಿ, ಆಸರಿಗೆ ಎಂತ ಬೇಕು?" ಮಜ್ಜಿಗೆ ಬಂತು, ಆಮೇಲೆ ಊಟಕ್ಕೇ ಕೂರಿಸಿದರು. ಒಂದೆಲಗದ ತಂಬುಳಿ, ಅಪ್ಪೆಹುಳಿ. ಊಟ ಆದಮೇಲೆ ಮನೆಯ ಹಿಂದೆ ಕರೆದುಕೊಂಡು ಹೋದರು. ಧರೆಯಿಂದ (ಬರೆಗೆ ಇಲ್ಲಿ ಹಾಗನ್ನುತ್ತಾರೆ) ಹತ್ತು ಹೆಜ್ಜೆ ಮೇಲೆ, ತರಗೆಲೆ ಸರಿಸಿದರೆ ನೆಲದಲ್ಲಿ ಒಂದು ಬಿರುಕು. ಬೆರಳಗಲ. ಇಳಿಜಾರಿಗೆ ಅಡ್ಡಡ್ಡ ಹೋಗಿ, ಎರಡೂ ತುದಿಯಲ್ಲಿ ಕೆಳಗೆ ಬಾಗಿದೆ. ಕೋಲು ಹಾಕಿದೆ, ಮೊಣಕೈವರೆಗೆ ಇಳಿಯಿತು.

"ಸಿಮೆಂಟು ಹಾಕಿ ಮುಚ್ಚಲಾ?"

ಬೇಡ ಅಂದೆ. ಸಿಮೆಂಟು ಬಿರುಸು, ನೆಲ ಒಂದು ಚೂರು ಅಲುಗಿದರೂ ಪಕ್ಕದಲ್ಲಿ ಹೊಸ ಸಂದಿ ಬಿಡುತ್ತದೆ. ಜಿಗುಟು ಮಣ್ಣು ಕಲಸಿ ಪದರ ಪದರವಾಗಿ ತುಂಬಿ, ಬಡಿದು, ಮೇಲೆ ಸ್ವಲ್ಪ ದಿಬ್ಬ ಮಾಡಿ, ಮಳೆಗಾಲಕ್ಕೆ ಮುಂಚೆ ತಾಡಪಾಲು ಹೊದೆಸಿ. ಬಿರುಕಿನಿಂದ ಮೇಲೆ, ಗಟ್ಟಿ ನೆಲದಲ್ಲಿ, ನೀರನ್ನು ಆಚೆ ತಿರುಗಿಸುವ ಕಾಲುವೆ ತೆಗೆಯಿರಿ. ಕಾಲುವೆಯ ನೀರು ಮತ್ತೆ ಅದೇ ಧರೆಗೆ ಬೀಳದ ಹಾಗೆ ನೋಡಿಕೊಳ್ಳಿ. ಬಿರುಕಿನ ಎರಡೂ ಕಡೆ ಗೂಟ ಹೊಡೆದು, ನಡುವಿನ ಅಳತೆಯನ್ನು ವಾರಕ್ಕೊಮ್ಮೆ ಕ್ಯಾಲೆಂಡರಿನ ಮೇಲೆ ಬರೆದಿಡಿ. ಅಳತೆ ಹೆಚ್ಚುತ್ತಾ ಹೋದರೆ, ಬಾಗಿಲು ಹಾಕಲು ಬಿಗಿಯಾದರೆ, ಒರತೆಯ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಮನೆಯಲ್ಲಿ ನಿಲ್ಲಬೇಡಿ. ಪಂಚಾಯಿತಿಗೆ ಈಗಲೇ ಅರ್ಜಿ ಕೊಡಿ, ಭೂವಿಜ್ಞಾನದವರು ಬಂದು ನೋಡಲಿ. ನಾನು ಒಂದು ಮಧ್ಯಾಹ್ನ ನೋಡಿ ಹೇಳಿದ ಮಾತಷ್ಟೇ ಸಾಲದು.

ಅವರು ಎಲ್ಲವನ್ನೂ ಕೇಳಿಸಿಕೊಂಡರು. ಗೂಟದ ವಿಷಯ ಹಿಡಿಸಿತು, ಮೊಮ್ಮಗನಿಗೆ ಅಲ್ಲೇ ಹೇಳಿದರು. ಆಮೇಲೆ ಕೊಟ್ಟಿಗೆ ಕಡೆ ಕೈ ತೋರಿಸಿದರು.

"ಜೋರು ಮಳೆ ಬಂದ್ರೆ ನಾವು ತಮ್ಮನ ಮನೆಗೆ ಹೋಗ್ತೇವೆ, ಅದು ಸರಿ. ದನ ನಾಲ್ಕಿದೆ. ಅವನ್ನ ಎಲ್ಲಿಗೆ ಕಟ್ಟೋದು?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಭಾವ ತಮ್ಮನ ಮನೆಯ ಅಂಗಳ ಎಷ್ಟು ದೊಡ್ಡದು ಅಂತ ವಿಚಾರಿಸಲು ಶುರು ಮಾಡಿದ. ತಗಡಿನ ಮಾಡು, ಕಂಬ, ಖರ್ಚು ಅಂತ ಇಬ್ಬರೂ ಲೆಕ್ಕಕ್ಕೆ ಕೂತರು. ನಾವು ಯಲ್ಲಾಪುರ ಮುಟ್ಟುವಾಗ ಕತ್ತಲಾಗಿತ್ತು.